ಭಾಷಣಕ್ಕಿಂತ ಮೊದಲು ಗೇಣಿ ಲೆಕ್ಕ ಕೇಳು

ಪ್ರೀತಿಯ ತಂಗಿ,

ಕಾಗೋಡು ಸತ್ಯಾಗ್ರಹದ ಬಗ್ಗೆ, ಅಂದ್ರೆ ಸಾಗರ ಸೀಮೆಯಲ್ಲಿ ಒಡೆಯರ ಗದ್ದೆ ಗೇಣಿಗೆ ಉಳ್ತಿದ್ದ ರೈತರ ಹೋರಾಟದ ಬಗ್ಗೆ, ನೀನು ಬರೆದ ಡ್ರಾಫ್ಟ್ ಪೂರ್ತಿ ಓದಿದೆ. ಭಾಷೆ ಚೆನ್ನಾಗಿದೆ, ಸಿಟ್ಟಿದೆ, ಸಿಟ್ಟು ಇರ್ಬೇಕು ಕೂಡ, ಆದ್ರೆ ನೀನು ಶುರು ಮಾಡಿರೋ ಜಾಗ ನಂಗೆ ಸರಿ ಕಾಣ್ಲಿಲ್ಲ. 1951ರ ಜೂನ್‌ನಲ್ಲಿ ಸಮಾಜವಾದಿ ನಾಯಕ ಲೋಹಿಯಾ ಬಂದ್ರು, ಸಾಗರದಲ್ಲಿ ಅರೆಸ್ಟ್ ಆದ್ರು, ದೇಶಕ್ಕೆಲ್ಲ ಕಾಗೋಡು ಅನ್ನೋ ಊರಿನ ಹೆಸರು ಗೊತ್ತಾಯ್ತು ಅಂತ ಅಲ್ಲಿಂದ ಕಥೆ ಹೇಳ್ತೀಯ. ಅವ್ರು ಬರೋ ಹೊತ್ತಿಗೆ ಸತ್ಯಾಗ್ರಹ ಶುರುವಾಗಿ ಸುಮಾರು ಎರಡು ತಿಂಗಳಾಗಿತ್ತು, ಏಪ್ರಿಲ್ 18ಕ್ಕೇ ದೀವರ ಜಾತಿಯ ಗೇಣಿ ರೈತರು ಗದ್ದೆಗೆ ಇಳಿದು ಜೈಲಿಗೆ ಹೋಗೋಕೆ ಶುರು ಮಾಡಿದ್ರು, ಅದಕ್ಕೂ ಮುಂಚೆ ಗಣಪತಿಯಪ್ಪನವರು ಊರೂರು ತಿರುಗಿ ರೈತ ಸಂಘ ಕಟ್ಟಿದ್ರು. ದೊಡ್ಡ ನಾಯಕ ಬಂದ ದಿನದಿಂದ ಹೋರಾಟ ಶುರುವಾಯ್ತು ಅಂತ ಬರೆದ್ರೆ ಮೊದ್ಲು ಲಾಠಿ ತಿಂದವರು ಹಿನ್ನೆಲೆಯ ಗುಂಪಾಗಿ ಬಿಡ್ತಾರೆ.

ಶುರು ಮಾಡ್ಬೇಕಾಗಿದ್ದು ಕೊಳಗದಿಂದ, ಭತ್ತ ಅಳೆಯೋ ಆ ಪಾತ್ರೆಯಿಂದ. ನಿನ್ನ ಡ್ರಾಫ್ಟಲ್ಲಿ ಕೊಳಗದ ವಿಷಯ ಒಂದೇ ಒಂದು ಸಾಲಲ್ಲಿ ಬಂದು ಹೋಗುತ್ತೆ, ಅದೇ ನಂಗೆ ಬೇಜಾರಾಗಿದ್ದು. ಗೇಣಿ ಭತ್ತ ಅಳೆದು ತಗೊಳ್ಳೋಕೆ ಒಡೆಯರು ಬಳಸ್ತಿದ್ದ ಕೊಳಗ ಮಾಮೂಲಿ ಕೊಳಗಕ್ಕಿಂತ ದೊಡ್ದು. ಮೂರು ಸೇರು ಹಿಡಿಯೋ ಕಡೆ ನಾಲ್ಕು ಸೇರು ಹಿಡಿಯುತ್ತೆ ಅಂತ ಸುಮ್ನೆ ಲೆಕ್ಕಕ್ಕೆ ಇಟ್ಕೋ, ನೂರು ಕೊಳಗ ಅಳೆದು ಕೊಟ್ಟವನ ಮನೆಯಿಂದ ನೂರು ಸೇರು ಹೆಚ್ಚಿಗೆ ಹೋಯ್ತು, ಆ ನೂರು ಸೇರು ಯಾರ ಬಾಯಿಗೆ ಇಲ್ದೇ ಹೋಯ್ತು, ಮಳೆಗಾಲದ ಯಾವ ತಿಂಗಳಲ್ಲಿ ಅವ್ರು ಮತ್ತೆ ಅದೇ ಒಡೆಯರ ಮನೆಗೆ ಹೋಗಿ ಸಾಲಕ್ಕೆ ಭತ್ತ ಕೇಳ್ಬೇಕಾಯ್ತು, ಇದನ್ನ ಒಂದು ಮನೆ ಇಟ್ಕೊಂಡು ಬರಿ. ರೈತರು ಮೊದ್ಲು ಭೂಮಿ ಕೇಳಿರ್ಲಿಲ್ಲ ನೋಡು, ಅಳತೆ ಸರಿ ಮಾಡಿ ಅಂದ್ರು ಅಷ್ಟೇ, ಅಷ್ಟಕ್ಕೇ ಜಮೀನು ಬಿಡು ಅನ್ನೋ ಮಾತು ಬಂತು. ನ್ಯಾಯವಾದ ಸಣ್ಣ ಬೇಡಿಕೆಗೆ ಅಷ್ಟು ದೊಡ್ಡ ಉತ್ತರ ಯಾಕೆ ಬಂತು ಅನ್ನೋದೇ ನಿನ್ನ ಬರಹದ ಪ್ರಶ್ನೆ ಆಗ್ಬೇಕು. ಯಾಕಂದ್ರೆ ಕೊಳಗ ಯಾರ ಕೈಲಿರುತ್ತೋ ಅವ್ರ ಮಾತು ನಡೆಯುತ್ತೆ, ಇವತ್ತು ಅಳತೆ ಪ್ರಶ್ನೆ ಮಾಡಿದವನು ನಾಳೆ ಎಲ್ಲಾ ಪ್ರಶ್ನೆ ಮಾಡ್ತಾನೆ ಅನ್ನೋದು ಒಡೆಯರಿಗೂ ಚೆನ್ನಾಗಿ ಗೊತ್ತಿತ್ತು. ದೀವರ ಗಂಡಸರು ಮಂಡಿಯಿಂದ ಕೆಳಗೆ ಪಂಚೆ ಬಿಡೋ ಹಾಗಿಲ್ಲ ಅನ್ನೋ ಕಟ್ಟಳೆ ಇದ್ದ ಸೀಮೆ ಅದು, ಭತ್ತದ ಲೆಕ್ಕಾನೂ ಪಂಚೆಯ ಲೆಕ್ಕಾನೂ ಬೇರೆ ಬೇರೆ ಅಧ್ಯಾಯ ಮಾಡ್ಬೇಡ. ಆರ್ಥಿಕ ಅಸಮಾನತೆ ಒಂದು ಕಡೆ, ಜಾತಿ ಇನ್ನೊಂದು ಕಡೆ ಅಂತ ಯೂನಿವರ್ಸಿಟಿ ಪೇಪರ್‌ನಲ್ಲಿ ಭಾಗ ಮಾಡ್ತಾರೆ, ಆ ಗದ್ದೆ ಬದುವಿನ ಮೇಲೆ ನಿಂತವನಿಗೆ ಅವೆರಡೂ ಒಬ್ಬರೇ ಮನುಷ್ಯರ ರೂಪದಲ್ಲಿ ಎದುರಿಗೆ ಬರ್ತಿತ್ತು.

ಇನ್ನು 1974. ನೀನು ಕಾಗೋಡಿನಿಂದ ಸಮಾಜವಾದಿ ಶಾಂತವೇರಿ ಗೋಪಾಲಗೌಡರು, ಅಲ್ಲಿಂದ ಮುಖ್ಯಮಂತ್ರಿ ದೇವರಾಜ ಅರಸು, ಅವರ ಭೂ ಸುಧಾರಣಾ ಕಾನೂನು, ಉಳುವವನೇ ಹೊಲದೊಡೆಯ, ಅಲ್ಲಿಗೆ ಕಥೆ ಮುಗೀತು ಅಂತ ನೇರ ಗೆರೆ ಎಳೆದಿದ್ದೀಯ. ಗೆರೆ ಸುಳ್ಳಲ್ಲ, ಆದ್ರೆ ಕಾನೂನು ಹೇಗೆ ಕೆಲಸ ಮಾಡ್ತು ಅನ್ನೋದನ್ನ ಹೇಳ್ದೇ ಇದ್ರೆ ಓದೋರಿಗೆ ಅದು ಯಾರೋ ಪುಣ್ಯಾತ್ಮ ಕೊಟ್ಟ ವರ ಅನ್ಸುತ್ತೆ. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರ್ತು, ಗೇಣಿದಾರ ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕ್ಬೇಕಿತ್ತು. ಮಂಡಳಿಯಲ್ಲಿ ಅಸಿಸ್ಟೆಂಟ್ ಕಮಿಷನರ್ ಜೊತೆ ಸರ್ಕಾರ ನೇಮಿಸಿದ ಸ್ಥಳೀಯರು ಕೂರ್ತಿದ್ರು, ಅವರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರೂ ಒಬ್ಬರು ಇರ್ಲೇಬೇಕಿತ್ತು, ಮತ್ತೆ ಲಾಯರ್‌ಗಳು ವಾದ ಮಾಡೋ ಹಾಗಿರ್ಲಿಲ್ಲ. ಆ ಕೊನೆಯ ವಿಷಯದ ಮೇಲೆ ಸ್ವಲ್ಪ ಹೊತ್ತು ನಿಲ್ಲು. ಬಾಯಿ ಮಾತಿನ ಗೇಣಿ, ರಸೀದಿ ಇಲ್ಲ, ಪಹಣಿಯ ಸಾಗುವಳಿ ಕಲಂನಲ್ಲಿ ಹೆಸರು ಬರೆಯೋ ಶಾನುಭೋಗರು ತಲೆತಲಾಂತರದಿಂದ ಓದು ಬಲ್ಲ, ಜಮೀನು ಇರೋ ಮನೆಗಳವರು, ಇಂಥ ಕಡೆ ವಕೀಲರನ್ನೂ ಬಿಟ್ಟಿದ್ರೆ ದುಡ್ಡಿದ್ದವನ ವಾದವೇ ಗೆಲ್ಲುತ್ತಿತ್ತು. ಎಂಟು ಲಕ್ಷಕ್ಕೂ ಮೀರಿ ಅರ್ಜಿ ಬಿದ್ವು. ಎಲ್ಲರೂ ಹಾಕ್ಲಿಲ್ಲ, ಅದನ್ನೂ ಬರಿ. ಒಡೆಯರ ಜಾಗದಲ್ಲೇ ಮನೆ ಕಟ್ಕೊಂಡು, ಅವರ ಸಾಲ ಹೊತ್ಕೊಂಡು ಇರೋನು ತಾಲೂಕು ಆಫೀಸಿಗೆ ಹೋಗಿ ಅವರ ವಿರುದ್ಧವೇ ಸಹಿ ಹಾಕೋದು ಸುಲಭದ ಮಾತಲ್ಲ, ಕಾನೂನು ಕೊಟ್ಟಿದ್ದನ್ನ ತಗೊಳ್ಳೋಕೂ ಒಂದಿಷ್ಟು ಶಕ್ತಿ ಮೊದಲೇ ಬೇಕಾಗುತ್ತೆ. ಕರಾವಳಿ, ಉತ್ತರ ಕನ್ನಡ, ಶಿವಮೊಗ್ಗದ ಕಡೆ ಈ ಕಾನೂನು ಹೆಚ್ಚು ಜನರನ್ನ ಮುಟ್ಟಿತು ಯಾಕಂದ್ರೆ ಅಲ್ಲಿ ಗೇಣಿ ಪದ್ಧತಿಯೇ ದಟ್ಟವಾಗಿತ್ತು, ಜೊತೆಗೆ ಜನ ಆಗಲೇ ಸಂಘಟನೆ ಕಂಡಿದ್ರು. ನನ್ನ ನಂಬಿಕೆ ಕೇಳಿದ್ರೆ ಕಾಗೋಡು ಇಲ್ದೆ ಇದ್ದಿದ್ರೆ ಫಾರಂ 7 ಎಷ್ಟೋ ಮನೆಗಳಲ್ಲಿ ಖಾಲಿ ಹಾಳೆಯಾಗೇ ಉಳೀತಿತ್ತು.

ಜಮೀನು ಕಳ್ಕೊಂಡವರ ಬಗ್ಗೆ ಬರೀಬೇಕಾ ಅಂತ ಕೇಳಿದ್ದೀಯ. ಬರೀಬೇಕು. ಗೇಣಿಗೆ ಕೊಟ್ಟವರೆಲ್ಲ ನೂರಾರು ಎಕರೆ ಒಡೆಯರಲ್ಲ, ಒಂದೆರಡು ಎಕರೆ ಗೇಣಿಗೆ ಕೊಟ್ಟು ಅದರ ಅಕ್ಕಿಯಲ್ಲೇ ಜೀವನ ಮಾಡ್ತಿದ್ದ ವಿಧವೆಯರೂ ಇದ್ರು, ಸೈನಿಕರಿಗೆ, ನಾವಿಕರಿಗೆ ಬಿಟ್ರೆ ಆ ಕಾನೂನಿನಲ್ಲಿ ವಿನಾಯ್ತಿ ಇರ್ಲಿಲ್ಲ. ಆ ನೋವು ನಿಜ. ಆದ್ರೆ ಅದನ್ನ ಬರೆಯೋವಾಗ ತಕ್ಕಡಿ ಸಮ ಮಾಡೋ ಆಸೆಗೆ ಬೀಳ್ಬೇಡ. ಆ ಮನೆಗೆ ಜಮೀನು ಬಿಟ್ಟು ಇನ್ನೇನಿತ್ತು ಕೇಳು, ಮಗ ಓದಿದ್ನಾ, ಬೆಂಗಳೂರಲ್ಲೋ ಬೊಂಬಾಯಿಯಲ್ಲೋ ಕೆಲಸ ಸಿಗೋ ದಾರಿ ಇತ್ತಾ, ಅರ್ಜಿ ಬರೆಯೋಕೆ ಅಕ್ಷರ ಇತ್ತಾ. ಭೂಮಿ ಹೋದಾಗ ಒಬ್ರಿಗೆ ಇನ್ನೊಂದು ದಾರಿ ಇರುತ್ತೆ, ಇನ್ನೊಬ್ರಿಗೆ ಇರಲ್ಲ, ಆ ಕುಟುಂಬ ಮುಂದೇನಾಯ್ತು ಅನ್ನೋದನ್ನ ವಿಚಾರಿಸಿ ಬರೆದ್ರೆ ಓದೋರಿಗೆ ತೂಕ ತಾನಾಗೇ ಗೊತ್ತಾಗುತ್ತೆ.

ಈಗ ನಿನ್ನ ಡ್ರಾಫ್ಟಲ್ಲಿ ಪೂರ್ತಿ ಬಿಟ್ಟು ಹೋಗಿರೋ ಮನುಷ್ಯನ ವಿಷಯಕ್ಕೆ ಬರ್ತೀನಿ, ಈ ಪತ್ರ ಬರೆಯೋಕೆ ಕೂತಿದ್ದೇ ಅದಕ್ಕೆ. ಗೇಣಿದಾರನ ಗದ್ದೆಯಲ್ಲಿ ನಾಟಿ ಮಾಡ್ತಿದ್ದವರು ಯಾರು? ಗೇಣಿದಾರನ ಮನೆಯವರು ಮಾಡ್ತಿದ್ರು, ಜೊತೆಗೆ ಕೂಲಿಯವರೂ ಮಾಡ್ತಿದ್ರು, ಅವರಲ್ಲಿ ಬಹಳಷ್ಟು ದಲಿತರು. ಅವರು ಗೇಣಿದಾರರಲ್ಲ, ಹಾಗಾಗಿ ಉಳೋ ಭೂಮಿಗೆ ಫಾರಂ 7 ಹಾಕೋಕೆ ಅವರಿಗೆ ಬರ್ತಿರ್ಲಿಲ್ಲ. ಕೃಷಿ ಕೂಲಿಯವರಿಗೆ ತಾವು ವಾಸ ಇರೋ ಮನೆಯ ಜಾಗಕ್ಕೆ ಹಕ್ಕು ಕೇಳೋ ಅವಕಾಶ ಕಾನೂನಲ್ಲಿತ್ತು, ಗದ್ದೆಗೆ ಇರ್ಲಿಲ್ಲ. ಮಿತಿ ಮೀರಿದ ಜಮೀನನ್ನ ಭೂಹೀನರಿಗೆ ಹಂಚ್ತೀವಿ ಅಂದ್ರು, ಗೇಣಿ ಜಮೀನು ಕೈ ಬದಲಾದಷ್ಟು ಅದು ಆಗ್ಲಿಲ್ಲ. ಒಂದು ಹೋರಾಟ ಗೆದ್ದಾಗ ಅದರ ಮೇಲಿನ ಮೆಟ್ಟಿಲವರು ಕೆಳಗಿಳಿದ್ರು, ಮಧ್ಯದವರು ಮೇಲೆ ಬಂದ್ರು, ಕೆಳಗಿನವರು ಅದೇ ಗದ್ದೆಗೆ ಹೊಸ ಮಾಲೀಕರ ಹತ್ರ ಕೂಲಿಗೆ ಹೋದ್ರು. ದಲಿತ ಸಂಘರ್ಷ ಸಮಿತಿ ಅದೇ 70ರ ದಶಕದಲ್ಲಿ ಭದ್ರಾವತಿ ಕಡೆಯಿಂದ ಬಿ. ಕೃಷ್ಣಪ್ಪನವರ ಮುಂದಾಳ್ತನದಲ್ಲಿ ಬೆಳೆದಿದ್ದನ್ನ ನೀನು ಸಾಹಿತ್ಯ ಚಳವಳಿ ಅಂತ ಮಾತ್ರ ಒಂದು ಕಡೆ ಹೇಳಿದ್ದೀಯ, ಕನ್ನಡ ಸಾಹಿತ್ಯ ಬೂಸಾ ಅಂದ ಮಂತ್ರಿ ಬಸವಲಿಂಗಪ್ಪನವರ ಮಾತಿಗೆ ಎದ್ದ ಬೂಸಾ ಗಲಾಟೆಯ ಹೆಸರೂ ಬರುತ್ತೆ, ಆದ್ರೆ ಭೂಮಿ ಸಿಗದೇ ಉಳಿದವರ ಪ್ರಶ್ನೆ ಅದರೊಳಗೆ ಎಷ್ಟಿತ್ತು ಅನ್ನೋದು ಬಂದಿಲ್ಲ. ದಯವಿಟ್ಟು ಅದನ್ನ ಹಿಡಿ.

ಅದೇ ಕಣ್ಣಿಂದ 1980 ನೋಡು. ಜುಲೈ 21, ನರಗುಂದ ನವಲಗುಂದ. ಮಲಪ್ರಭಾ ಕಾಲುವೆ ನೀರು ಸರಿಯಾಗಿ ಬರ್ದಿದ್ರೂ ಅಭಿವೃದ್ಧಿ ಕರ ಕಟ್ಟು ಅಂದಾಗ ರೈತರು ಎದ್ರು, ಗೋಲಿಬಾರ್ ಆಯ್ತು, ಜೀವ ಹೋಯ್ತು, ಇವತ್ತಿಗೂ ಆ ದಿನ ರೈತ ಹುತಾತ್ಮ ದಿನ. ಅದೇ ವರ್ಷ ಶಿವಮೊಗ್ಗದಲ್ಲಿ ರುದ್ರಪ್ಪ, ಸುಂದರೇಶ್, ನಂಜುಂಡಸ್ವಾಮಿ ಇವರೆಲ್ಲ ಸೇರಿ ರಾಜ್ಯ ರೈತ ಸಂಘ ಕಟ್ಟಿದ್ರು, ಮೂರು ವರ್ಷದೊಳಗೆ ಗುಂಡೂರಾವ್ ಸರ್ಕಾರ ಚುನಾವಣೆಯಲ್ಲಿ ಬಿತ್ತು. ಹಸಿರು ಶಾಲು ಹಾಕ್ಕೊಂಡ ರೈತ ಅಧಿಕಾರಿಯನ್ನ ಊರ ಬಾಗಿಲಲ್ಲೇ ನಿಲ್ಸಿ ಮಾತಾಡಿದ್ದು ಈ ನಾಡಿನಲ್ಲಿ ಸಣ್ಣ ವಿಷಯ ಅಲ್ಲ, ನಾನು ಅದನ್ನ ಗೌರವದಿಂದಲೇ ನೆನೆಸ್ತೀನಿ. ಆದ್ರೂ ಆ ಸಂಘದ ಬೇಡಿಕೆಗಳನ್ನ ಎದುರಿಗೆ ಇಟ್ಕೊಂಡು ಕೂತ್ಕೋ: ಬೆಳೆಗೆ ಬೆಲೆ, ಸಾಲ, ಕರೆಂಟ್, ಕಬ್ಬಿನ ಬಾಕಿ, ನೀರಿನ ತೆರಿಗೆ. ಇವೆಲ್ಲ ಜಮೀನು ಇದ್ದೋನ ಕಷ್ಟಗಳು, ನಿಜವಾದ ಕಷ್ಟಗಳು. ಕೂಲಿ ದರ ಅಷ್ಟು ಜೋರಾಗಿ ಕೇಳ್ಲಿಲ್ಲ, ಯಾಕಂದ್ರೆ ಕೂಲಿ ಕೊಡ್ಬೇಕಾದವರೇ ಆ ಮೆರವಣಿಗೆಯಲ್ಲಿದ್ರು. ಹಳ್ಳಿಯನ್ನ ಹೊರಗಿನವರು ಸುಲಿತಿದ್ದಾರೆ ಅನ್ನೋ ಮಾತಲ್ಲಿ ಸತ್ಯ ಇತ್ತು, ಹಳ್ಳಿಯೊಳಗೆ ಯಾರು ಯಾರನ್ನ ಸುಲಿತಾರೆ ಅನ್ನೋದು ಅದರ ಹಿಂದೆ ಮರೆಯಾಯ್ತು. 2005ರಲ್ಲಿ ರೈತ ಸಂಘದವರೂ ದಲಿತ ಚಳವಳಿಯ ಒಂದು ಭಾಗವೂ ಸೇರಿ ಸರ್ವೋದಯ ಕರ್ನಾಟಕ ಪಕ್ಷ ಮಾಡಿದ್ರು, ಆ ಕೈ ಕೂಡೋಕೆ ಇಪ್ಪತ್ತೈದು ವರ್ಷ ಯಾಕೆ ಬೇಕಾಯ್ತು ಅಂತ ನೀನು ಎರಡೂ ಕಡೆಯ ಹಿರಿಯರನ್ನ ಕೇಳ್ಬೇಕು. ಹೋರಾಟದೊಳಗಿನ ಬಿರುಕು ಬರೆದ್ರೆ ಎದುರಾಳಿಗೆ ಅಸ್ತ್ರ ಕೊಟ್ಟ ಹಾಗಾಗುತ್ತೆ ಅಂತ ಹೆದರಿಸೋರು ಇರ್ತಾರೆ. ಬಿರುಕು ಎದುರಾಳಿಗೆ ಮೊದಲೇ ಗೊತ್ತಿರುತ್ತೆ ತಂಗಿ, ಗೊತ್ತಿಲ್ಲದೇ ಇರೋದು ನಮ್ಮ ಓದುಗರಿಗೆ.

ಕೊನೆಯ ಅಧ್ಯಾಯದಲ್ಲಿ ಇವತ್ತಿನ ಬೆಂಗಳೂರು ತರ್ತೀನಿ ಅಂದಿದ್ದೀಯ, ಹಾಗಿದ್ರೆ 2016ರ ಏಪ್ರಿಲ್‌ನ ಗಾರ್ಮೆಂಟ್ಸ್ ಹೆಣ್ಮಕ್ಕಳನ್ನ ಬಿಡ್ಬೇಡ. 18, 19ನೇ ತಾರೀಕು ಹೊಸೂರು ರೋಡ್, ಪೀಣ್ಯ, ಜಾಲಹಳ್ಳಿ ಕಡೆಯೆಲ್ಲ ಸಾವಿರಾರು ಹೆಂಗಸರು ರಸ್ತೆಗೆ ಬಂದು ಕೂತ್ರು, ಯಾವ ಪಾರ್ಟಿನೂ ಯಾವ ಯೂನಿಯನ್ನೂ ಕರೆ ಕೊಟ್ಟಿರ್ಲಿಲ್ಲ. ಪಿಎಫ್‌ನಲ್ಲಿ ಮಾಲೀಕರ ಪಾಲಿನ ದುಡ್ಡು 58 ವರ್ಷ ಆಗೋ ತನಕ ತೆಗೆಯೋ ಹಾಗಿಲ್ಲ ಅನ್ನೋ ಹೊಸ ನಿಯಮಕ್ಕೆ ಅಷ್ಟು ಸಿಟ್ಟು ಯಾಕೆ ಅಂತ ಸಂಬಳ ಚೆನ್ನಾಗಿರೋರಿಗೆ ಅರ್ಥ ಆಗ್ಲಿಲ್ಲ. ಆ ಸಂಬಳದಲ್ಲಿ ಬೇರೆ ಉಳಿತಾಯವೇ ಇರಲ್ಲ, ಮಗಳ ಮದುವೆ, ಫೀಸು, ಆಸ್ಪತ್ರೆ, ಕೈಸಾಲ ಬಂದಾಗ ಕೆಲಸ ಬಿಟ್ಟು ಪಿಎಫ್ ತೆಗೆದು ಆಮೇಲೆ ಇನ್ನೊಂದು ಫ್ಯಾಕ್ಟರಿಗೆ ಸೇರೋದು ಅಲ್ಲಿ ಬದುಕಿನ ರೀತಿ. ಟಿವಿಯಲ್ಲಿ ಉರಿಯೋ ಬಸ್ ತೋರ್ಸಿದ್ರು, ಆ ಹೆಂಗಸರ ಪೇ ಸ್ಲಿಪ್ ತೋರ್ಸಿದ್ರೆ ಜನಕ್ಕೆ ಬೇಗ ಗೊತ್ತಾಗ್ತಿತ್ತು. ಕೇಂದ್ರ ಸರ್ಕಾರ 19ಕ್ಕೇ ಆ ನಿಯಮ ವಾಪಸ್ ತಗೊಂಡಿತು, ದೇಶದ ಎಲ್ಲಾ ಪಿಎಫ್‌ದಾರರಿಗೂ ಅದರ ಲಾಭ ಆಯ್ತು, ಕೇಸು ಮಾತ್ರ ಇಲ್ಲಿಯವರ ಮೇಲೆ ಬಿತ್ತು.

ಬೆಂಗಳೂರು ಪಕ್ಕದ ದೇವನಹಳ್ಳಿಯ ಭೂಸ್ವಾಧೀನ ವಿರೋಧಿ ಹೋರಾಟವೂ ಇದೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳು, 1,777 ಎಕರೆ, 2022ರ ಏಪ್ರಿಲ್‌ನಿಂದ ಧರಣಿ, 2025ರ ಜುಲೈ 15ಕ್ಕೆ ಸರ್ಕಾರ ಭೂಸ್ವಾಧೀನ ಕೈಬಿಡ್ತು. ಗೆಲುವು ದೊಡ್ಡದು, ಖುಷಿಯಿಂದಲೇ ಬರಿ. ಅದರ ಜೊತೆಗೆ ರೇಟ್ ಬಂದ್ರೆ ಮಾರ್ತೀವಿ ಅಂದವರು ಯಾರು, ಮಾರೋಕೆ ಏನೂ ಇಲ್ಲದೆ ಆ ಹೊಲಗಳ ಕೂಲಿ ನಂಬಿದ್ದವರು ಯಾರು, ಇಬ್ಬರ ಮನೆಗೂ ಹೋಗು. ಭೂ ಸುಧಾರಣಾ ಕಾನೂನಿಗೆ 2020ರ ತಿದ್ದುಪಡಿ ಆದ ಮೇಲೆ ರೈತರಲ್ಲದವರೂ ಹೊಲ ಕೊಳ್ಳಬಹುದು, ಹಾಗಾಗಿ ಈಗ ಒತ್ತಡ ಸರ್ಕಾರದ ನೋಟಿಸ್ ರೂಪದಲ್ಲೇ ಬರ್ಬೇಕು ಅಂತಿಲ್ಲ, ಬ್ರೋಕರ್ ಅಡ್ವಾನ್ಸ್ ದುಡ್ಡು ಹಿಡ್ಕೊಂಡು ಮನೆ ಬಾಗಿಲಿಗೇ ಬರ್ತಾನೆ, ಅದರ ವಿರುದ್ಧ ಎಲ್ಲಿ ಧರಣಿ ಕೂರೋದು ಅನ್ನೋದು ರೈತರಿಗೇ ತೋಚ್ತಿಲ್ಲ.

ಒಂದು ಕೆಲಸ ಹೇಳ್ತೀನಿ, ಮಾಡು. ಮುಂದಿನ ಡ್ರಾಫ್ಟ್‌ಗೆ ಮುಂಚೆ ಸಾಗರದ ತಾಲೂಕು ಆಫೀಸ್ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ ನ್ಯಾಯಮಂಡಳಿಯ ಹಳೇ ಫೈಲ್ ಕೇಳು, ಕೊಡೋಕೆ ಸತಾಯಿಸ್ತಾರೆ, ಮತ್ತೆ ಹೋಗು. ಅದರಲ್ಲಿ ಗೇಣಿದಾರನ ಹೇಳಿಕೆ, ಒಡೆಯನ ಹೇಳಿಕೆ, ಅಕ್ಕಪಕ್ಕದ ಹೊಲದವರ ಸಾಕ್ಷಿ ಸಿಗುತ್ತೆ. ಒಂದು ಸರ್ವೆ ನಂಬರ್ ಹಿಡ್ಕೊಂಡು ಆ ಊರಿಗೆ ಹೋಗಿ ಈಗ ಅದು ಯಾರ ಹೆಸರಲ್ಲಿದೆ, ಅಲ್ಲಿ ನಾಟಿಗೆ ಯಾರು ಬರ್ತಾರೆ, ದಿನದ ಕೂಲಿ ಎಷ್ಟು, ಹೆಂಗಸರಿಗೆ ಎಷ್ಟು ಕಮ್ಮಿ ಕೊಡ್ತಾರೆ, ಇಷ್ಟು ಕೇಳ್ಕೊಂಡು ಬಾ. ಕೂಲಿಯವರ ಅಧ್ಯಾಯ ಮೊದ್ಲು ಬರೆದು ಕಳ್ಸು, ಲೋಹಿಯಾ ಅಧ್ಯಾಯ ಆಮೇಲೆ ನೋಡೋಣ.

ಪ್ರೀತಿಯಿಂದ,
ನಿನ್ನಣ್ಣ