ಗಾಜಿನ ಅಳತೆ ಹೇಳಿದರು, ಉಪ್ಪಿನ ಅಳತೆ ಹೇಳಲಿಲ್ಲ

ಮಾನ್ಯ ಸಂಪಾದಕರೇ,

ಉಪ್ಪುನೀರಿನ ಅಕ್ವೇರಿಯಂ ಬಗ್ಗೆ ನಿಮ್ಮ ಪುರವಣಿಯಲ್ಲಿ ಈಚೆಗೆ ಬಂದ ಬರಹ ಓದಿದೆ. ಚಿತ್ರಗಳು ತುಂಬಾ ಚೆನ್ನಾಗಿದ್ದವು. ಆದರೆ ಕೊನೆಯಲ್ಲಿ ಒಂದು ಮಾತಿತ್ತು. ಹವಳದ ಸಮೇತ ಹಳೇ ಟ್ಯಾಂಕ್ ಸಿಕ್ಕರೆ ಕೆಲಸ ಸುಲಭ, ಚೆನ್ನಾಗಿ ತೊಳೆದು ಇಟ್ಟುಕೊಂಡರಾಯಿತು ಎಂಬ ಅರ್ಥದ ಮಾತು. ಅದನ್ನು ಓದಿ ಸುಮ್ನೆ ಇರಲು ಆಗಲಿಲ್ಲ. ಅಂಥದ್ದೇ ಒಂದು ಟ್ಯಾಂಕನ್ನು ನಾನು ಮನೆಗೆ ತಂದು ಹದಿನಾಲ್ಕು ತಿಂಗಳಾಯಿತು. ಅವತ್ತು ಚೆನ್ನಾಗಿ ತೊಳೆದುಬಿಟ್ಟಿದ್ದರೆ ಇವತ್ತು ಅದರಲ್ಲಿ ಒಂದು ಹವಳವೂ ಇರುತ್ತಿರಲಿಲ್ಲ.

ನಾನು ಇಪ್ಪತ್ತಾರು ವರ್ಷ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಸಹಾಯಕನಾಗಿದ್ದು ನಿವೃತ್ತನಾದವನು. ಬ್ಯುರೆಟ್ ತೊಳೆಯುವುದು, ದ್ರಾವಣ ತಯಾರಿಸುವುದು, ಲೆಕ್ಕ ಬರೆದಿಡುವುದು, ಇವಿಷ್ಟೇ ನನಗೆ ಗೊತ್ತಿದ್ದ ವಿದ್ಯೆ. ಹವಳದ ಬಗ್ಗೆ ಏನೂ ಗೊತ್ತಿರಲಿಲ್ಲ. ಕೊಂಡುಕೊಳ್ಳಲು ಹೋದಾಗ ಮಾರುವವರು ಎಲ್ಲವನ್ನೂ ವಿವರವಾಗಿ ಹೇಳಿದರು. ನಾಲ್ಕು ಅಡಿ ಉದ್ದ, ಹನ್ನೆರಡು ಮಿಲಿಮೀಟರ್ ಗಾಜು, ಸುಮಾರು 250 ಲೀಟರ್ ನೀರು, ಕೆಳಗೆ ಕ್ಯಾಬಿನೆಟ್, ಮೇಲೆ ಎಲ್‌ಇಡಿ ಲೈಟು. ನೀರು ಹೇಗಿದೆ ಎಂದು ಕೇಳಿದೆ. ‘ನೀರು ಚೆನ್ನಾಗಿದೆ’ ಎಂದರು. ಆ ಮನುಷ್ಯ ಸುಳ್ಳು ಹೇಳಿದರು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಅಳೆದು ನೋಡಿ ಬಹಳ ದಿನ ಆಗಿತ್ತು, ಅಷ್ಟೇ.

ಒಳಗೆ ನೋಡಿದರೆ ಸಂಕಟವಾಗುತ್ತಿತ್ತು. ಕಲ್ಲಿನ ಮೇಲೆಲ್ಲ ಕೂದಲಿನಂಥ ಉದ್ದನೆಯ ಹಸಿರು ಪಾಚಿ. ಎರಡು ಪಂಪಿನಲ್ಲಿ ಒಂದು ನಿಂತೇ ಹೋಗಿತ್ತು. ನೀರಿನ ಕೊಳೆಯನ್ನು ನೊರೆಯಾಗಿ ಎತ್ತಿ ತೆಗೆಯುವ ಸ್ಕಿಮ್ಮರಿನ ಬಟ್ಟಲಲ್ಲಿ ಆ ಕೊಳೆ ಒಣಗಿ ಕಲ್ಲಾಗಿತ್ತು. ಲೆದರ್ ಹವಳ ಜೋತುಬಿದ್ದಿತ್ತು. ಹ್ಯಾಮರ್ ಹವಳದ ಒಂಬತ್ತು ಕವಲಿನಲ್ಲಿ ಏಳು ಬರೀ ಮೂಳೆ. ಉಳಿದ ಎರಡರಲ್ಲಿ ಬೆರಳಿನ ಉಗುರಿನಷ್ಟು ಮಾಂಸ ಅಂಟಿಕೊಂಡಿತ್ತು. ಒಂದು ಬ್ರೇನ್ ಹವಳ, ಅರ್ಧ ಭಾಗ ಬೋಳು. ಟಾರ್ಚ್ ಹವಳ ಮಾತ್ರ ಹೇಗೋ ಸ್ವಲ್ಪ ಅರಳಿಕೊಂಡಿತ್ತು. ಇವೆಲ್ಲದರ ನಡುವೆ ಎರಡು ಕ್ಲೌನ್ ಮೀನು. ಕ್ಲೌನ್ ಮೀನು ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಬದುಕಬಲ್ಲದು. ಇದು ಕೊಳ್ಳುವವರಲ್ಲಿ ಎಷ್ಟು ಜನಕ್ಕೆ ಗೊತ್ತು?

ಕ್ಯಾಬಿನೆಟ್ಟಿನಲ್ಲಿ ಉಪ್ಪು ಅಳೆಯುವ ಒಂದು ಹಳೇ ಪ್ಲಾಸ್ಟಿಕ್ ಹೈಡ್ರೋಮೀಟರ್ ಸಿಕ್ಕಿತು. ಮುಳ್ಳು ಮೇಲೇಳುವ ಥರದ್ದು. ಸಿಹಿನೀರಿನ ತೂಕ 1 ಎಂದಿಟ್ಟುಕೊಂಡರೆ ಈ ನೀರಿನದು 1.024 ಎಂದು ಅದು ತೋರಿಸಿತು. ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರನ್ನು ನಾನು ಒಯ್ದಿದ್ದೆ. ಅಳತೆ ಗೊತ್ತಿರುವ ಅದರದೇ ದ್ರಾವಣದಲ್ಲಿ ಸರಿಮಾಡಿಕೊಂಡು ನೋಡಿದರೆ 1.031. ಸಮುದ್ರದ ನೀರು ಸಾಮಾನ್ಯವಾಗಿ 1.025, 1.026ರ ಆಸುಪಾಸಿನಲ್ಲಿರುತ್ತದೆ. ಅಂದರೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರಬೇಕಾದ ಕಡೆ 41 ಗ್ರಾಂ ಇತ್ತು. ಮುಳ್ಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದೆ. ಅದರ ಮೇಲೆ ಬಿಳಿ ಉಪ್ಪು ಪದರವಾಗಿ ಕೂತಿತ್ತು. ಆ ಭಾರಕ್ಕೆ ಮುಳ್ಳು ಪೂರ್ತಿ ಏಳುತ್ತಲೇ ಇರಲಿಲ್ಲ. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಕಡಿಮೆಯಾದ ಜಾಗಕ್ಕೆ ಸಿಹಿನೀರು ಹಾಕಬೇಕು. ಮುಳ್ಳು ಕಡಿಮೆ ತೋರಿಸುತ್ತಿದ್ದ ಕಾರಣ ಅವರು ಉಪ್ಪುನೀರು ಹಾಕುತ್ತಾ ಹೋಗಿದ್ದರು. ಹೀಗೆ ತಿಂಗಳುಗಟ್ಟಲೆ.

ಮನೆಗೆ ತಂದ ದಿನ ನನಗೆ ಕೈ ಕಡಿಯುತ್ತಿತ್ತು. ಎಲ್ಲ ಒಂದೇ ಸಲ ಸರಿಮಾಡಿಬಿಡಬೇಕು ಅನ್ನಿಸುವುದು ಸಹಜ ಅಲ್ವಾ? ಅಲ್ಲೇ ಅಪಾಯ ಇರುವುದು. ಕೆಟ್ಟ ನೀರಿಗೆ ಒಗ್ಗಿಕೊಂಡ ಜೀವವನ್ನು ಒಳ್ಳೇ ನೀರಿಗೆ ತಟ್ಟನೆ ಹಾಕಿದರೂ ಅದು ಸಾಯುತ್ತದೆ. ಆದ್ದರಿಂದ ಹೊಸ ನೀರನ್ನೂ ಮೊದಲು 1.031ಕ್ಕೇ ಬೆರೆಸಿದೆ. ತಪ್ಪು ಎಂದು ಗೊತ್ತಿದ್ದೂ ತಪ್ಪು ಅಳತೆಗೇ ಉಪ್ಪು ತೂಗಿ ಹಾಕಿದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ. ಹಳೇ ನೀರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬಕೆಟ್ಟುಗಳಲ್ಲಿ ತಂದಿದ್ದೆ. ಕಲ್ಲುಗಳನ್ನು ನೀರಿನಲ್ಲಿ ಮುಳುಗಿಸಿಯೇ ತಂದೆ, ಯಾಕೆಂದರೆ ಆ ಕಲ್ಲಿನ ರಂಧ್ರಗಳಲ್ಲಿರುವ ಬ್ಯಾಕ್ಟೀರಿಯಾವೇ ಟ್ಯಾಂಕಿನ ನಿಜವಾದ ಫಿಲ್ಟರ್. ಮರಳನ್ನು ಮಾತ್ರ ತರಲಿಲ್ಲ. ಅಡಿಯಲ್ಲಿ ಕಪ್ಪಗಾಗಿತ್ತು, ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ. ಲ್ಯಾಬಿನಲ್ಲಿ ಇದ್ದವರಿಗೆ ಆ ವಾಸನೆ ಮರೆಯುವುದಿಲ್ಲ, ಹೈಡ್ರೋಜನ್ ಸಲ್ಫೈಡ್. ಆ ಮರಳನ್ನು ಹಾಗೇ ಸುರಿದಿದ್ದರೆ ಮೀನು ಮರುದಿನ ಬೆಳಿಗ್ಗೆಗೆ ಇರುತ್ತಿರಲಿಲ್ಲ.

ಆಮೇಲೆ ದಿನಕ್ಕೆ ಮೂರು ಲೀಟರ್ ಟ್ಯಾಂಕಿನ ನೀರು ತೆಗೆದು ಮೂರು ಲೀಟರ್ ಆರ್‌ಓ ನೀರು ಹಾಕುತ್ತಾ ಬಂದೆ. ಎರಡು ವಾರ ಹಿಡಿಯಿತು. ಹದಿನಾಲ್ಕನೇ ದಿನ ರಿಫ್ರಾಕ್ಟೋಮೀಟರಿನ ಗೆರೆ 35ರ ಮೇಲೆ ಬಂದು ನಿಂತಿತು. ಅವತ್ತೇ ಸಂಜೆ ಲೆದರ್ ಹವಳ ಮೇಣದಂಥ ತೆಳುಪದರವೊಂದನ್ನು ಕಳಚತೊಡಗಿತು. ಸತ್ತೇ ಹೋಯಿತು ಎಂದುಕೊಂಡೆ. ಆ ಜಾತಿಯ ಹವಳ ಹೀಗೆ ಆಗಾಗ ಮುಚ್ಚಿಕೊಂಡು ಮೇಲಿನ ಪೊರೆ ಬಿಡುತ್ತದೆ, ಪಾಚಿ ಕೊಳೆಯೂ ಅದರ ಜೊತೆ ಹೋಗುತ್ತದೆ ಎಂದು ಆಮೇಲೆ ತಿಳಿಯಿತು. ನಿಂತುಹೋಗಿದ್ದ ಪಂಪನ್ನು ಬಿಚ್ಚಿ ವಿನೆಗರಿನಲ್ಲಿ ನೆನೆಹಾಕಿದೆ. ಗುಳುಗುಳು ಎಂದು ನೊರೆ ಎದ್ದಿತು. ಸೀಮೆಸುಣ್ಣದ ಮೇಲೆ ಆಮ್ಲ ಹಾಕಿದಾಗ ಏಳುವ ಅದೇ ನೊರೆ. ರಾತ್ರಿ ಕಳೆಯುವುದರೊಳಗೆ ಸುಣ್ಣವೆಲ್ಲ ಬಿಟ್ಟುಕೊಂಡು ಪಂಪ್ ಹೊಸದರಂತೆ ತಿರುಗಿತು.

ಇನ್ನು ನನ್ನ ತಪ್ಪು. ಇದನ್ನು ಬರೆಯದೆ ಪತ್ರ ಮುಗಿಸಿದರೆ ಮೋಸವಾಗುತ್ತದೆ.

ಕೊಳೆಯಿಂದ ನೀರಿಗೆ ಸೇರುವ ಗೊಬ್ಬರದಂಥ ಎರಡು ವಸ್ತುಗಳಲ್ಲಿ ನೈಟ್ರೇಟ್ ಲೀಟರಿಗೆ 100 ಮಿಲಿಗ್ರಾಂ ದಾಟಿತ್ತು. ಫಾಸ್ಫೇಟ್ 0.9. ಹವಳ ಇಟ್ಟವರು ಫಾಸ್ಫೇಟನ್ನು 0.1ರ ಕೆಳಗೆ ಇಟ್ಟುಕೊಳ್ಳಲು ನೋಡುತ್ತಾರೆ. ವಾರಕ್ಕೆ ಎರಡು ಸಲ ಇಪ್ಪತ್ತು ಲೀಟರ್ ನೀರು ಬದಲಿಸುತ್ತಿದ್ದೆ. ನೈಟ್ರೇಟ್ ಇಳಿಯುತ್ತಿತ್ತು. ಫಾಸ್ಫೇಟ್ ಮಾತ್ರ ಕದಲುತ್ತಿರಲಿಲ್ಲ. ಅದು ಕಲ್ಲಿನೊಳಗೇ ಸೇರಿಕೊಂಡಿರುತ್ತದೆ. ನೀರಿನಲ್ಲಿ ಕಡಿಮೆಯಾದಷ್ಟೂ ಕಲ್ಲು ಮತ್ತೆ ಬಿಟ್ಟುಕೊಡುತ್ತದೆ. ನನಗೆ ತಾಳ್ಮೆ ತಪ್ಪಿತು. ಫಾಸ್ಫೇಟ್ ಹೀರುವ ಕಬ್ಬಿಣದ ಹರಳು ಬರುತ್ತದೆ, ಅದನ್ನು ಡಬ್ಬಿಯ ಮೇಲೆ ಬರೆದಿದ್ದ ಪೂರ್ತಿ ಪ್ರಮಾಣದಲ್ಲಿ ಹಾಕಿದೆ. ಮೂರೇ ದಿನದಲ್ಲಿ 0.9ರಿಂದ 0.05. ನೋಟ್‌ಬುಕ್ಕಿನಲ್ಲಿ ಅದನ್ನು ಖುಷಿಯಿಂದ ಬರೆದಿಟ್ಟೆ. ನಾಲ್ಕನೇ ದಿನ ಟಾರ್ಚ್ ಹವಳ ಅರಳಲಿಲ್ಲ. ಐದನೇ ದಿನ ಅದರ ಬುಡದಿಂದ ಮಾಂಸ ಸುಲಿದು ನೀರಿನಲ್ಲಿ ಎಳೆಎಳೆಯಾಗಿ ತೇಲುತ್ತಿತ್ತು. ಎರಡು ವರ್ಷದ ನಿರ್ಲಕ್ಷ್ಯದಲ್ಲೂ ಬದುಕಿ ಉಳಿದಿದ್ದ ಹವಳ ಅದು. ನನ್ನ ಮೂರು ದಿನದ ಆರೈಕೆಯಲ್ಲಿ ಸತ್ತಿತು. ಅದರ ಮೂಳೆಯನ್ನು ಎಸೆಯಲು ಮನಸ್ಸು ಬಾರದೆ ಲ್ಯಾಬಿನ ಹಳೇ ಬೀಕರಿನಲ್ಲಿ ಇಟ್ಟಿದ್ದೇನೆ.

ಹರಳನ್ನು ತೆಗೆದೆ, ಕಲ್ಲು ಬಿಟ್ಟುಕೊಟ್ಟು ಫಾಸ್ಫೇಟ್ ಮತ್ತೆ ಏರಿತು. ಆಮೇಲೆ ಹರಳನ್ನು ಚಮಚದ ಲೆಕ್ಕದಲ್ಲಿ ಹಾಕಿದೆ. 0.1ಕ್ಕೆ ಬರಲು ಐದು ತಿಂಗಳಾಯಿತು. ನೀರಿನಲ್ಲಿರುವ ಕಾರ್ಬೊನೇಟಿನ ಅಳತೆಯಾದ ಆಲ್ಕಲಿನಿಟಿ 5.5 ಡಿಗ್ರಿ ಇದ್ದದ್ದನ್ನು 8ಕ್ಕೆ ತರುವಾಗಲೂ ದಿನಕ್ಕೆ ಅರ್ಧ ಡಿಗ್ರಿಗಿಂತ ಜಾಸ್ತಿ ಏರಿಸಲಿಲ್ಲ. ಹವಳ ಮೂಳೆ ಕಟ್ಟುವುದು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟಿನಿಂದ. ಅದು ಕಡಿಮೆಯಾದರೆ ಕಟ್ಟುವ ಕೆಲಸ ನಿಂತುಹೋಗುತ್ತದೆ. ಬೆಳಿಗ್ಗೆ ಎದ್ದು ಐದು ಎಂಎಲ್ ನೀರು ತೆಗೆದುಕೊಂಡು ಹನಿಹನಿಯಾಗಿ ಪರೀಕ್ಷೆ ಮಾಡುತ್ತೇನೆ. ನೀಲಿ ಗುಲಾಬಿಗೆ ತಿರುಗುವ ಆ ಒಂದು ಹನಿಗಾಗಿ ಕಾಯುವಾಗ ನಾನು ಮತ್ತೆ ಲ್ಯಾಬಿನಲ್ಲಿ ನಿಂತಿದ್ದೇನೆ ಅನ್ನಿಸುತ್ತದೆ.

ಹವಳವನ್ನು ಕಲ್ಲು ಎಂದೋ ಗಿಡ ಎಂದೋ ತಿಳಿದವರು ತುಂಬಾ ಜನ ಇದ್ದಾರೆ. ಅದು ಪ್ರಾಣಿ. ಅದರ ಮೈಯೊಳಗೆ ಬರಿಗಣ್ಣಿಗೆ ಕಾಣದ ಪಾಚಿ ವಾಸವಾಗಿರುತ್ತದೆ. ಬೆಳಕಿನಲ್ಲಿ ಆ ಪಾಚಿ ಮಾಡುವ ಆಹಾರವೇ ಹವಳಕ್ಕೆ ಮುಖ್ಯ ಊಟ. ನೀರು ಕೊಳೆತು ಗೊಬ್ಬರ ಜಾಸ್ತಿಯಾದರೆ ಆ ಪಾಚಿಯೂ ಜಾಸ್ತಿಯಾಗಿ ಹವಳ ಕಂದು ಬಣ್ಣಕ್ಕೆ ತಿರುಗುತ್ತದೆ. ಬಿಸಿ ಹೆಚ್ಚಾದರೆ, ಬೆಳಕು ಒಮ್ಮೆಲೇ ಏರಿದರೆ ಹವಳ ತನ್ನೊಳಗಿನ ಪಾಚಿಯನ್ನೇ ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಕಂದಾದ ಹವಳ ಕಂಡು ‘ಬೆಳಕು ಸಾಲದು’ ಎಂದು ಹೊಸ ಲೈಟನ್ನು ಪೂರ್ತಿ ಉರಿಸಿದರೆ ಅದು ಬಿಳಿಚಿ ಸಾಯುವುದು ಹೀಗೆಯೇ. ನಾನು ಮೂವತ್ತು ಪರ್ಸೆಂಟಿನಿಂದ ಶುರುಮಾಡಿ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿದೆ. ಸಮುದ್ರದಲ್ಲೂ ಹವಳಕ್ಕೆ ಈಗ ಕಷ್ಟಕಾಲ. ಜಗತ್ತಿನ ಹವಳಗಳು ನಾಲ್ಕನೇ ಸಲ ದೊಡ್ಡ ಪ್ರಮಾಣದಲ್ಲಿ ಬಿಳಿಚುತ್ತಿವೆ ಎಂದು ಸಾಗರ ಮತ್ತು ವಾತಾವರಣದ ಅಧ್ಯಯನ ಮಾಡುವ ಅಮೆರಿಕದ ನೋವಾ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಹೇಳಿತು. ಅಂಥ ಹೊತ್ತಿನಲ್ಲಿ ಗಾಜಿನೊಳಗೆ ತಂದಿಟ್ಟುಕೊಂಡ ನಾಲ್ಕು ಹವಳವನ್ನು ಸಾಯಲು ಬಿಡುವುದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ.

ಬ್ರೇನ್ ಹವಳದ ಆಸೆಯನ್ನು ನಾನು ಬಿಟ್ಟೇಬಿಟ್ಟಿದ್ದೆ. ಹಗಲು ನೋಡಿದರೆ ಕಲ್ಲಿನಂತೆ ಬಿದ್ದಿರುತ್ತಿತ್ತು. ಒಂದು ರಾತ್ರಿ ನಿದ್ದೆ ಬರದೆ ಎದ್ದು, ಬ್ಯಾಟರಿಗೆ ಕೆಂಪು ಗಾಜಿನ ಕಾಗದ ಸುತ್ತಿಕೊಂಡು ಟ್ಯಾಂಕಿನ ಮುಂದೆ ಕೂತೆ. ಲೈಟು ಆರಿ ಎರಡು ತಾಸಾಗಿತ್ತು. ಬೋಳಾಗದೆ ಉಳಿದ ಆ ಅರ್ಧ ಭಾಗದ ಅಂಚಿನಲ್ಲಿ, ಕೂದಲಿಗಿಂತ ಸ್ವಲ್ಪ ದಪ್ಪ, ನೀರಿನಷ್ಟೇ ಪಾರದರ್ಶಕವಾದ ಎಳೆಗಳು ಹೊರಗೆ ಬಂದಿದ್ದವು. ತುದಿಯಲ್ಲಿ ಒಂದೊಂದು ಬಿಳಿ ಚುಕ್ಕೆ. ನೀರಿನ ಜೊತೆ ತೂಗುತ್ತಿದ್ದವು. ಊಟ ಹುಡುಕುತ್ತಿತ್ತು ಅದು. ಪಿಪೆಟ್ಟಿನಲ್ಲಿ ಸೀಗಡಿಯ ಒಂದು ಚೂರು ಹಿಡಿದು ಹತ್ತಿರ ಬಿಟ್ಟೆ. ಎಳೆಗಳು ಅದನ್ನು ಹಿಡಿದು ಮಡಚಿಕೊಂಡವು. ಇಪ್ಪತ್ತು ನಿಮಿಷದಲ್ಲಿ ಚೂರು ಒಳಗೆ ಹೋಗಿತ್ತು. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. ಅವಳೂ ಕೂತಳು, ಇಬ್ಬರೂ ಮಾತಾಡಲಿಲ್ಲ. ಅವತ್ತಿನಿಂದ ವಾರಕ್ಕೆ ಎರಡು ರಾತ್ರಿ ಅದಕ್ಕೆ ಊಟ. ಈಗ ಬೋಳು ಭಾಗದ ಮೇಲೆ ಹೊಸ ಮಾಂಸ ಒಂದು ಬೆರಳಿನಗಲ ಹಬ್ಬಿದೆ.

ಕಲ್ಲಿಗೆ ಅಂಟಿಕೊಂಡು ಬೆಳೆಯುವ ಏಪ್ಟೇಸಿಯಾ ಎಂಬ ಪುಟ್ಟ ಪ್ರಾಣಿಯ ಪೀಡೆಯ ಬಗ್ಗೆ ಒಂದು ಮಾತು. ಸಣ್ಣ ತೆಂಗಿನ ಮರದ ಹಾಗೆ ಕಾಣುತ್ತದೆ, ಹವಳವನ್ನು ಕುಟುಕುತ್ತದೆ. ಕೆರೆದು ತೆಗೆಯಲು ಹೋಗಬೇಡಿ, ಉಳಿದ ಒಂದೊಂದು ಚೂರೂ ಹೊಸದಾಗಿ ಬೆಳೆಯುತ್ತದೆ. ಸುಣ್ಣದ ಪೇಸ್ಟನ್ನು ಸಿರಿಂಜಿನಲ್ಲಿ ಅದರ ಬಾಯಿಗೇ ಬಿಡಬೇಕು, ಒಂದು ದಿನಕ್ಕೆ ಮೂರು ನಾಲ್ಕಕ್ಕಿಂತ ಜಾಸ್ತಿ ಬೇಡ.

ಕಲ್ಲನ್ನು ಬಿಸಿನೀರಲ್ಲಿ ಕುದಿಸಿ ಸ್ವಚ್ಛ ಮಾಡಬಹುದು ಎಂದು ನನಗೇ ಒಬ್ಬರು ಸಲಹೆ ಕೊಟ್ಟಿದ್ದರು. ದಯವಿಟ್ಟು ಯಾರೂ ಮಾಡಬೇಡಿ. ಕಲ್ಲಿನ ಮೇಲೆ ಗುಂಡಿಗಳನ್ನು ಜೋಡಿಸಿದಂತೆ ಬೆಳೆಯುವ ಜೊವಾಂಥಿಡ್ ಜಾತಿಯ ಹವಳಗಳಿರುತ್ತವೆ. ಅವುಗಳಲ್ಲಿ ಕೆಲವಕ್ಕೆ, ಅದರಲ್ಲೂ ಪಾಲಿಥೋವಾಕ್ಕೆ, ಪಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇರುತ್ತದೆ. 1971ರಲ್ಲಿ ಹವಾಯಿಯ ಪಾಲಿಥೋವಾದಿಂದಲೇ ವಿಜ್ಞಾನಿಗಳು ಅದನ್ನು ಮೊದಲು ಬೇರ್ಪಡಿಸಿದ್ದು. ಅಂಥ ಕಲ್ಲನ್ನು ಕುದಿಸಿದರೆ, ಬಿಸಿನೀರು ಸುರಿದು ಉಜ್ಜಿದರೆ ಆ ವಿಷ ಹಬೆಯ ಜೊತೆ ಉಸಿರಿಗೆ ಸೇರುತ್ತದೆ. ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ವೈದ್ಯಕೀಯ ವರದಿಗಳಲ್ಲಿವೆ. ಅದಕ್ಕೆ ಪ್ರತಿವಿಷ ಇಲ್ಲ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಕೈಯಲ್ಲಿ ಗಾಯ ಇದ್ದರೆ ಟ್ಯಾಂಕಿಗೆ ಕೈ ಹಾಕಲೇಬೇಡಿ. ಕಲ್ಲು ಉಜ್ಜಿದ ಮೇಲೆ ಉಸಿರಾಟ ಕಷ್ಟವಾದರೆ, ಜ್ವರ ಬಂದರೆ, ಬಾಯಲ್ಲಿ ಲೋಹದ ರುಚಿ ಅನ್ನಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಏನು ಮಾಡುತ್ತಿದ್ದಿರಿ ಎಂದು ಡಾಕ್ಟರಿಗೆ ಬಿಡಿಸಿ ಹೇಳಿ.

ಈ ಪತ್ರ ಬರೆದದ್ದಕ್ಕೆ ಇನ್ನೂ ಒಂದು ಕಾರಣ ಇದೆ. ಟ್ಯಾಂಕ್ ನೋಡಿಕೊಳ್ಳಲು ಆಗದವರು ದಯವಿಟ್ಟು ಬೇಗ ಕೊಟ್ಟುಬಿಡಿ. ಆಗದೇ ಇರುವುದರಲ್ಲಿ ಅವಮಾನ ಏನೂ ಇಲ್ಲ. ಕೆಲಸ ಬದಲಾಗುತ್ತದೆ, ಮಗು ಹುಟ್ಟುತ್ತದೆ, ಆರೋಗ್ಯ ಕೈಕೊಡುತ್ತದೆ. ಆದರೆ ಹವಳ ಅರ್ಧ ಸತ್ತಮೇಲೆ ಕೊಡುವ ಬದಲು ಅರಳಿಕೊಂಡಿರುವಾಗಲೇ ಕೊಡಿ. ಕೊಡುವಾಗ ಗಾಜಿನ ಅಳತೆಯ ಜೊತೆ ಒಂದು ಹಾಳೆ ಬರೆದುಕೊಡಿ. ಉಪ್ಪು ಎಷ್ಟು, ಯಾವುದರಲ್ಲಿ ಅಳೆದದ್ದು. ಯಾವ ನೀರು ಹಾಕುತ್ತಿದ್ದಿರಿ, ಕೊನೆಯ ಸಲ ಬದಲಿಸಿದ್ದು ಯಾವಾಗ. ಏನೇನು ಸತ್ತವು. ಕೊನೆಯದನ್ನು ಮುಚ್ಚಿಡಬೇಡಿ, ತೆಗೆದುಕೊಳ್ಳುವವರಿಗೆ ಬೇಕಾಗಿರುವುದು ಅದೇ. ನನಗೆ ಅಂಥ ಒಂದು ಹಾಳೆ ಸಿಕ್ಕಿದ್ದರೆ ಮೊದಲ ತಿಂಗಳು ಕತ್ತಲಲ್ಲಿ ತಡಕಾಡುತ್ತಿರಲಿಲ್ಲ.

ನನಗೂ ವಯಸ್ಸಾಯಿತು. ಇಪ್ಪತ್ತು ಲೀಟರಿನ ಬಕೆಟ್ ಎತ್ತುವುದು ಇನ್ನೆಷ್ಟು ವರ್ಷ ಆಗುತ್ತದೋ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹೆಂಡತಿಯ ಕೈಲಿ ಬರೆಸಿದ್ದೇನೆ, ಇದನ್ನು ಟ್ಯಾಂಕಿನ ಜೊತೆಗೇ ಕೊಡಬೇಕು ಎಂದು. ಟಾರ್ಚ್ ಹವಳ ಸತ್ತ ದಿನದ ಪುಟವೂ ಅದರಲ್ಲೇ ಇದೆ. ನಿನ್ನೆಯ ಪುಟದಲ್ಲಿ ಹ್ಯಾಮರ್ ಹವಳದ ವಿಷಯ ಇದೆ. ಉಗುರಿನಷ್ಟಿದ್ದ ಎರಡು ತಲೆಯಲ್ಲಿ ಒಂದಕ್ಕೆ ಈಗ ಎರಡು ಬಾಯಿ ಮೂಡಿವೆ. ಅಂದರೆ ಅದು ಸೀಳಿ ಎರಡಾಗುತ್ತಿದೆ.

ಸಂಪಾದಕರೇ, ಪತ್ರ ಉದ್ದವಾಯಿತು ಎಂದು ಗೊತ್ತು. ಜಾಗ ಸಾಲದಿದ್ದರೆ ಉಳಿದದ್ದನ್ನೆಲ್ಲ ತೆಗೆದುಹಾಕಿ. ಕಲ್ಲು ಕುದಿಸಬೇಡಿ ಎಂದು ಬರೆದ ಆ ಒಂದು ಪ್ಯಾರಾವನ್ನು ಮಾತ್ರ ಹಾಗೇ ಹಾಕಿ.

ಇಂತಿ,
ನಿಮ್ಮ ಹಳೆಯ ಓದುಗ