ಕೈ ಮುಗಿಯುವಾಗ ಸಿಟ್ಟೂ ಇತ್ತು

ಮಾನ್ಯ ಸಂಪಾದಕರೇ,

ಕಷ್ಟದಲ್ಲಿರುವವರಿಗೆ ‘ಎಲ್ಲಾ ಒಳ್ಳೇದಕ್ಕೇ’ ಅಂತ ಹೇಳಿ ಎದ್ದು ಹೋಗುವವರ ಬಗ್ಗೆ ಎರಡು ಮಾತು. ನನಗೂ ಹಾಗೆ ಹೇಳಿದ್ದರು. ಹನ್ನೊಂದು ವರ್ಷ ಮಾಡಿದ ಕೆಲಸ ಒಂದೇ ದಿನದಲ್ಲಿ ಹೋಯಿತು, ಅದಾಗಿ ಎರಡೇ ತಿಂಗಳಿಗೆ ಹೆಂಡತಿಗೆ ಆಪರೇಷನ್. ಇದರಲ್ಲಿ ಒಳ್ಳೇದು ಏನಿತ್ತು ಹೇಳಿ? ದೇವರ ಮುಂದೆ ಕೂತು ಜಗಳ ಆಡಿದ್ದೇ ಜಾಸ್ತಿ. ಆದರೆ ಕೂರುವುದನ್ನು ಮಾತ್ರ ಬಿಡಲಿಲ್ಲ, ನಂಬಿಕೆ ಅಂದರೆ ಅಷ್ಟೇ ಇರಬೇಕು ಅಂತ ಈಗ ಅನಿಸುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಫ್ 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಕೆಲವರಿಗೆ ವಾರಕ್ಕೊಮ್ಮೆ, ಕೃತಜ್ಞತೆ ಅನಿಸಿದ ಸಂಗತಿಗಳನ್ನು ಹೆಚ್ಚೆಂದರೆ 5 ಬರೆಯಲು ಹೇಳಿದರು, ಇನ್ನು ಕೆಲವರಿಗೆ ಕಿರಿಕಿರಿಗಳನ್ನು. ಮೊದಲನೆಯವರಿಗೆ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಇತ್ತಂತೆ. ಓದಿ ನಾನೂ ಒಂದು ನೋಟ್‌ಬುಕ್ ಇಟ್ಟೆ. (ಹೆಂಡತಿ ನಕ್ಕಳು, ಅದೂ ಬಹಳ ದಿನದ ಮೇಲೆ.) ಮೊದಲ ವಾರ ಹಾಳೆ ಖಾಲಿ. ಆಮೇಲೆ ಸಣ್ಣಪುಟ್ಟದ್ದು ಬಂತು: ರಾತ್ರಿಯೆಲ್ಲಾ ಬಂದು ಬಂದು ನೋಡಿಹೋದ ನರ್ಸ್, ಫೋನಿನಲ್ಲಿ ಒಂದು ಉಪದೇಶವನ್ನೂ ಕೊಡದೆ ಸುಮ್ನೆ ಕೇಳಿಸಿಕೊಂಡ ಗೆಳೆಯ.

ಇದರಿಂದ ಸಾಲ ತೀರಲಿಲ್ಲ, ಹಳೆಯ ಸಂಬಳವೂ ವಾಪಸ್ ಬರಲಿಲ್ಲ. ನೋವಿಗೆ ಥ್ಯಾಂಕ್ಸ್ ಹೇಳಿ ಅಂತ ನಾನು ಯಾರಿಗೂ ಹೇಳಲಾರೆ, ಅದು ನಾಟಕ ಅಲ್ವಾ? ನೋವಿನ ನಡುವೆ ಉಳಿದದ್ದನ್ನು ಗುರುತಿಸುವುದು ಬೇರೆ. ಮೊನ್ನೆ ಆ ಹಳೆಯ ಪುಟಗಳನ್ನು ತಿರುವಿದೆ, ಒಂದು ವಾರ ಬರೆದದ್ದು ಒಂದೇ ಸಾಲು: ‘ನಿನ್ನೆ ರಾತ್ರಿ ಇಬ್ಬರಿಗೂ ನಿದ್ದೆ ಬಂತು.’

– ನಿಮ್ಮ ಓದುಗ