ಮಾತು ತಗದ್ರ ಏನೂ ತಿಳಿಯೂದಿಲ್ಲ ಅಂತ ಅಂಜಬ್ಯಾಡ

ಧಾರವಾಡ

ಚಿ. ಗಿರಿಜಾಗೆ ಕಾಕಾನ ಆಶೀರ್ವಾದಗಳು.

ಮನಿ ಸುದ್ದಿ ನಿಮ್ಮಪ್ಪ ಫೋನಿನ್ಯಾಗ ಹೇಳಿರತಾನ, ಅದನ್ನ ಬಿಡತೀನಿ. ನಿನ್ನ ಪತ್ರದಾಗಿನ ಒಂದ ಸಾಲು ನನ್ನ ತಲಿಯೊಳಗ ಕೂತೈತಿ: "ಕಾಕಾ, ಮಾತು ತಗದ್ರ ನೋಡೋರಿಗೆ ಏನೂ ತಿಳಿಯೂದಿಲ್ಲ ಅಂತ ಅಂಜಿಕಿ ಆಗತೈತಿ." ಹತ್ತು ನಿಮಿಷದ ಚಿತ್ರಕ್ಕ ನೀ ಬರದು ಕಳಿಸಿದ ಚಿತ್ರಕಥೆ ಹದಿನಾಲ್ಕು ಪುಟ, ಅದರಾಗ ಹನ್ನೆರಡು ಬರೇ ಮಾತು. ಅಂಜಿಕಿನ ಬರದೈತಿ ಅದನ್ನ, ನೀ ಅಲ್ಲ.

ನಾ ಬರದದ್ದು ರೇಡಿಯೋಕ್ಕ. ಅಲ್ಲಿ ಬಾಗಲಾ ತಗದದ್ದು ಸುದ್ದಾ ಸಪ್ಪಳಾ ಮಾಡಿ, ಇಲ್ಲಾ ಬಾಯಿಲೆ ಹೇಳಿ ತಿಳಸಬೇಕು. ಆ ಚಾಳಿ ಮನ್ಯಾಗ ಕೇಳಿ ಕೇಳಿ ನಿನಗೂ ಹತ್ತಿರಬೇಕು, ಅದಕ್ಕ ಒಂಚೂರು ಕೆಡಕ ಅನಸತೈತಿ. ಇರಲಿ.

ಮೂರನೇ ಪುಟಾ ತಗಿ. ಬೆಟಗೇರಿ ಮನಿ, ಕುಣಿಮಗ್ಗ, ಅಣ್ಣ ತಮ್ಮ. ತಮ್ಮ ಅಂತಾನ: "ಅಣ್ಣಾ, ಅಪ್ಪ ಸತ್ತ ಮ್ಯಾಲ ಈ ಮಗ್ಗ ಮಾರಬಾರದು ಅಂತ ನಾವು ಮಾತಾಡಿದ್ವಿ, ನೆನಪೈತೇನು?" ಇಬ್ಬರಿಗೂ ಗೊತ್ತಿದ್ದದ್ದನ್ನ ಒಬ್ಬಾಂವ ಇನ್ನೊಬ್ಬಗ ಯಾಕ ಹೇಳತಾನ? ನೋಡೋರ ಸಲುವಾಗಿ. ಅದು ಅವರಿಗೂ ಗೊತ್ತಾಗತೈತಿ, ಅಲ್ಲಿಂದ ಅವರು ಆ ತಮ್ಮನ್ನ ನಂಬೂದಿಲ್ಲ.

ಈಗ ಬಾಯಿ ಕಟ್ಟಿ ಬರದು ನೋಡು. ಲಾಳಿ ಸಪ್ಪಳ ಕೇಳತೈತಿ. ತಮ್ಮ ಒಳಗ ಬರತಾನ. ಹೊಸ್ತಿಲದಾಗ ಗುಜರಿಯವನ ತಕ್ಕಡಿ. ಸಪ್ಪಳ ನಿಲ್ಲತೈತಿ. ಅಣ್ಣ ತಲಿ ಎತ್ತೂದಿಲ್ಲ, ಲಾಳಿಯೊಳಗಿಂದ ನೂಲು ಸುತ್ತಿದ ಕಂಡಿಕಿ ತಗದು ಅಂಗಿ ಕಿಸೆದಾಗ ಇಟ್ಕೋತಾನ. ಆಮ್ಯಾಲ:

"ಊಟ ಆತೇನು?"

"ಆತು."

ಮಾರೂ ಸುದ್ದಿ ತಕ್ಕಡಿ ಹೇಳಿತು, ಜೀವ ಒಪ್ಪಿಲ್ಲ ಅಂಬೂದನ್ನ ಕಂಡಿಕಿ ಹೇಳಿತು. ಮಾತು ಪೂರಾ ಹೋಗಲಿಲ್ಲ ನೋಡು. ಮುಚ್ಚಿಡೂ ಕೆಲಸಕ್ಕ ನಿಂತಿತು. ನಮ್ಮ ಕಡೆ ಜಗಳಕ್ಕ ಮೊದಲ ಊಟನ ಕೇಳತಾರ, ಇದನ್ನ ನಿನಗೇನು ಹೇಳೂದು.

ಆದ್ರೂ ನಿನ್ನ ಅಂಜಿಕಿ ಪೂರಾ ಸುಳ್ಳಲ್ಲ. ಕೆಲವು ಸಂಗತಿ ಕೈಯಿಂದ ತಿಳಿಯೂದಿಲ್ಲ. ಮಗ್ಗಕ್ಕ ಎಷ್ಟು ರೂಪಾಯಿ, ಗುಜರಿಯವ ನಾಳೆ ಎಷ್ಟು ಗಂಟೆಕ್ಕ ಬರತಾನ, ಸಾಲ ಯಾರದು, ಇವಕ್ಕ ಬಾಯಿ ಬೇಕು, ಒಂದ ಸಾಲು ಸಾಕು. ಆಸೆ, ಸಿಟ್ಟು, ಹೆದರಿಕಿ, ನಾಚಿಕಿ, ಇವನ್ನ ಮಾತ್ರ ಬಾಯಿಗೆ ಕೊಡಬ್ಯಾಡ. ಎಲ್ಲಾ ಮಾತು ಅಳಸಿ ಮೂಕ ಚಿತ್ರ ಮಾಡೂದೂ ಬ್ಯಾಡ. ಬಾಯಿದ್ದ ಮಂದಿ ಸುಮ್ಮನ ಕೈ ಆಡಸ್ಕೋತ ಕೂತ್ರ ಅದೂ ನಾಟಕೀನ.

ಪಾತ್ರ ಏನು ಮಾಡತಾವ ಅಂತ ಬರಿಯೂ ಕ್ರಿಯೆದ ಸಾಲಿನ್ಯಾಗ ಇನ್ನೊಂದು ಕಳ್ಳದಾರಿ ಐತಿ. "ಅಣ್ಣನಿಗೆ ಅಪ್ಪನ ನೆನಪಾಗುತ್ತದೆ" ಅಂತ ಬರದೀ. ಕ್ಯಾಮೆರಾ ಅದನ್ನ ಹ್ಯಾಂಗ ಹಿಡೀಬೇಕು? ಅದು ಮಾತನ್ನ ಕ್ರಿಯೆದ ಜಾಗಾದಾಗ ತಂದು ಕೂಡಿಸಿದ್ದು. ಕಣ್ಣಿಗೆ ಕಾಣೂದು, ಕಿವಿಗೆ ಕೇಳೂದು ಅಷ್ಟ ಬರಿ, ವರ್ತಮಾನ ಕಾಲದಾಗ. ಮೂರು ನಾಲ್ಕು ಸಾಲಿಗಿಂತ ಉದ್ದ ಪ್ಯಾರಾ ಬ್ಯಾಡ; ಚಿತ್ರ ಬದಲಾದಲ್ಲೆ ಹೊಸ ಪ್ಯಾರಾ. ಮಾತಿನ ಮುಂದ ಕಂಸದಾಗ "ಸಿಟ್ಟಿನಿಂದ" ಅಂತ ಏಳು ಕಡೆ ಹಾಕೀ. ಹಿಂದಿನ ಸಾಲಿನ್ಯಾಗ ತಂಬಿಗಿ ಒಗದಿದ್ರ ಸಿಟ್ಟು ಬಂದಾತಲ್ಲ. ಹೊಡದು ಹಾಕು.

ಪುಟಕ್ಕ ಒಂದು ನಿಮಿಷ ಅಂಬೂ ಲೆಕ್ಕಾ ನಂಬಬ್ಯಾಡ. ಅದು 12 ಪಾಯಿಂಟ್ ಅಳತಿದ ಕೊರಿಯರ್ ಅಂಬೂ ಫಾಂಟಿನ್ಯಾಗ, ಇಂಗ್ಲಿಷ್ ಚಿತ್ರಕಥೆಗೆ ಹುಟ್ಟಿದ್ದು. ನಮ್ಮ ಒತ್ತಕ್ಷರದ ಸಾಲು ಎತ್ತರ, ಪದ ಉದ್ದ. ಅಲ್ಲದ ಕ್ರಿಯೆ ಎಲ್ಲಾ ಅಕ್ಷರ ಎಣಿಸಿ ನಡಿಯೂದಿಲ್ಲ: "ಇಬ್ಬರೂ ಹೊಡೆದಾಡುತ್ತಾರೆ" ಎರಡ ಪದ, ತೆರೆ ಮ್ಯಾಲ ಎರಡು ನಿಮಿಷ ತಿಂದೀತು. ನಿನ್ನ ಕೊನೇ ದೃಶ್ಯದಾಗ ತಮ್ಮ ಹುಬ್ಬಳ್ಳಿ ಸ್ಟೇಶನ್ನಿನ ಆ ಉದ್ದನ ಪ್ಲಾಟ್‌ಫಾರ್ಮ್ ಈ ತುದಿಯಿಂದ ಆ ತುದಿಗೆ ನಡೀತಾನ ಅಂತ ಒಂದ ಸಾಲು ಬರದೀ. ಅದು 1507 ಮೀಟರು, ತಂಗಿ! ನಡದ್ರ ಹದಿನೈದು ಇಪ್ಪತ್ತು ನಿಮಿಷ. ಶುರು ಒಂದು, ನಡುವ ಒಂದು, ಕೊನಿಗೆ ಒಂದು, ಮೂರು ಶಾಟ್ ಅಂತ ಒಡದು ಬರಿ. ಮೊಬೈಲ್ ಸ್ಟಾಪ್‌ವಾಚ್ ಹಚ್ಚಿ ಮಾತು ಜೋರಾಗಿ ಓದು, ಕ್ರಿಯೆ ಎದ್ದು ಮಾಡಿ ನೋಡು. ಮನ್ಯಾಗ ನಕ್ರ ನಗಲಿ.

ಇನ್ನೂ ಅಂಜಿಕಿ ಹೋಗದಿದ್ರ ಒಂದು ಪರೀಕ್ಷಾ ಮಾಡಬಹುದು, ಬ್ಯಾಸರಿಲ್ಲದಿದ್ರ. ಮೂರನೇ ಪುಟದ ಆ ದೃಶ್ಯ ಗೆಳತ್ಯಾರ ಕಡಿಂದ ಮಾಡಿಸಿ ಮೊಬೈಲಿನ್ಯಾಗ ಹಿಡಿ. ಕಥಿ ಗೊತ್ತಿಲ್ಲದವರಿಗೆ ದನಿ ಬಂದ್ ಮಾಡಿ ತೋರಸಿ, "ಯಾರಿಗೆ ಏನು ಬೇಕಾಗೈತಿ?" ಅಂತ ಕೇಳು. "ಇವನ ಕೈಯಾಗಿಂದು ಏನೋ ಹೊಂಟೈತಿ, ಇವಗ ಮನಸ್ಸಿಲ್ಲ" ಅಂದ್ರ ದೃಶ್ಯ ನಿಂತಂಗ. ಮಗ್ಗ ಅಂತಾಗಲಿ, ಸಾಲ ಅಂತಾಗಲಿ ಅನ್ನದಿದ್ರ ಗಾಬರಿ ಆಗಬ್ಯಾಡ, ಅದಕ್ಕ ಮುಂದ ಒಂದ ಸಾಲು ಮಾತೈತಿ. "ಇಬ್ಬರು ಮಾತಾಡಾಕಹತ್ಯಾರ" ಅಂತಷ್ಟ ಹೇಳಿದ್ರ ಮಾತ್ರ ಮತ್ತ ಬರಿ.

ಮಾತೆಷ್ಟು ಕ್ರಿಯೆ ಎಷ್ಟು ಅಂತ ಅರ್ಧಾ ಅರ್ಧಾ ಅಳತಿ ಕೇಳಿದ್ದಿ. ಹಂತಾ ಅಳತಿ ಇಲ್ಲ. ಬರೇ ಮಾತಿಂದ ಆದ ಎರಡು ದೃಶ್ಯ ಒಂದರ ಬೆನ್ನಿಗೆ ಒಂದು ಬಂದಾವೇನು ನೋಡಿಕೊ, ನಿನ್ನದರಾಗ ನಾಲ್ಕು ಬಂದಾವ. ಪ್ರತಿ ಸಂಭಾಷಣೆದ ಮೊದಲ ಸಾಲು, ಕೊನೇ ಸಾಲು ಮುಚ್ಚಿ ಓದು. ಬಹಳ ಸಲ ಎರಡೂ ಬೇಕಾಗೂದಿಲ್ಲ.

ಹಳೇ ಪ್ರತಿ ಅಳಸಬ್ಯಾಡ, ಬ್ಯಾರೆ ಫೈಲ್ ಮಾಡಿ ಕತ್ತರಿ ಆಡಸು. ತಗದ ಮಾತು ಅಲ್ಲೇ ಇರತಾವ ಅಂತ ಗೊತ್ತಿದ್ರ ಕೈ ನಡಗೂದಿಲ್ಲ. ಮೂರನೇ ಪುಟಾ ತಿದ್ದಿದ್ದು ಆದ ಕೂಡಲೇ ಕಳಸು, ಉಳಿದದ್ದು ಆಮ್ಯಾಲ.

ನಿನ್ನ
ಕಾಕಾ